ಟಾಕಿ ತುಂಬಿದೆ, ಕೊನೇ ಓಣಿಗೆ ನೀರಿಲ್ಲ: ಊರಿನ ನೀರಿನ ಲೈನಿನಲ್ಲಿ ಫಾಲ್ಟ್ ಹುಡುಕುವ ಬಗೆ

ನಮ್ಮ ಕಡೆ ಬೆಳಿಗ್ಗೆ ಎದ್ದ ಕೂಡಲೇ ಕೇಳುವ ಮಾತು ಒಂದೇ. "ನಳ ಬಂದಾವೇನ್ರಿ?" ಹೋದ ಬೇಸಿಗೆಯಲ್ಲಿ ನಮ್ಮೂರಿನ ಮೂರು ಓಣಿಯವರು ಇದಕ್ಕೆ "ಹೌದು" ಅನ್ನುತ್ತಿದ್ದರು. ನಾಲ್ಕನೆಯದು ದಿಬ್ಬದ ಮೇಲಿನ ದಿನ್ನಿ ಓಣಿ. ಅಲ್ಲಿಯವರು ಉತ್ತರ ಕೊಡುವ ಬದಲು ಖಾಲಿ ಕೊಡ ತಂದು ಪಂಚಾಯ್ತಿ ಮುಂದೆ ಇಡುತ್ತಿದ್ದರು.

ಊರು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನದು. ಸುಮಾರು 1,400 ಜನ. 50,000 ಲೀಟರಿನ ಒಂದು ಟಾಕಿ, ಒಂದು ಬೋರು, ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್, ಟಾಕಿಯಿಂದ ಹೊರಡುವ ನಾಲ್ಕು ಲೈನು. ನಾನು ನೀರಿನ ಸಮಿತಿಯಲ್ಲಿದ್ದೇನೆ, ಐಟಿಐ ಎಲೆಕ್ಟ್ರಿಷಿಯನ್ ಓದಿದವನು. ನನ್ನ ಜೊತೆ ಇದ್ದವರು ನಮ್ಮ ವಾಟರ್‌ಮನ್ ಕಾಕಾ. ಆ ಲೈನುಗಳ ಮೇಲೆ ಅವರು ಓಡಾಡಿದ್ದು ಇಪ್ಪತ್ತು ವರ್ಷ. ನಾವಿಬ್ಬರು ಈ ಫಾಲ್ಟ್ ಹುಡುಕಿದ್ದು ಹೇಗೆ, ಎಲ್ಲಿ ದಾರಿ ತಪ್ಪಿದೆವು ಅಂತ ಇಲ್ಲಿ ಬರೆದಿದ್ದೇನೆ. ನಿಮ್ಮೂರಿನ ಲೈನಿಗೂ ಇದೇ ಕ್ರಮ ನಡೆಯುತ್ತದೆ. ಅಳತೆ ಮಾತ್ರ ನಿಮ್ಮದು ಹಾಕಿಕೊಳ್ಳಿ.

ಮೊದಲೇ ಒಂದು ಮಾತು. ನೀರು ಬರಲಿಲ್ಲ ಅಂದ ಕೂಡಲೇ ಮೋಟರ್ ಎತ್ತುವ ಗಾಡಿಗೆ ಫೋನ್ ಮಾಡಬೇಡಿ. ಜೆಸಿಬಿಗೂ ಬೇಡ. ನಾವು ಒಂದೇ ವರ್ಷದಲ್ಲಿ ಎರಡು ಸಲ ಮೋಟರ್ ಎತ್ತಿಸಿದ್ದೆವು. ಎರಡು ಸಲವೂ ಮೋಟರ್ ಚೆನ್ನಾಗಿಯೇ ಇತ್ತು. ಎತ್ತಿ ಇಳಿಸಿದ ಖರ್ಚು ಹೋಯಿತು, ದಿನ್ನಿ ಓಣಿಗೆ ನೀರು ಮಾತ್ರ ಏರಲಿಲ್ಲ. ಅಳೆಯದೆ ಕೈ ಹಚ್ಚಿದ್ದೇ ನಮ್ಮ ತಪ್ಪು.

ಏನೇನು ಬೇಕು

ದೊಡ್ಡ ಸಾಮಾನೇನೂ ಬೇಡ. ವೈರಿಗೆ ಸಿಕ್ಕಿಸಿ ಆಂಪಿಯರ್ ನೋಡುವ ಟಾಂಗ್ ಟೆಸ್ಟರ್. ಅರ್ಧ ಇಂಚಿನ ನಳಕ್ಕೆ ತಿರುಗಿಸಿ ಕೂರಿಸಬಹುದಾದ ಪ್ರೆಷರ್ ಗೇಜ್, 0ಯಿಂದ 4 ಕೆಜಿ (ಚದರ ಸೆಂಟಿಮೀಟರಿಗೆ) ತನಕದ್ದು ಸಾಕು (10 ಕೆಜಿಯದ್ದು ತಂದರೆ ನಮ್ಮ ಟಾಕಿಯ ಒತ್ತಡಕ್ಕೆ ಮುಳ್ಳು ಅಲುಗಿದ್ದೇ ಗೊತ್ತಾಗುವುದಿಲ್ಲ). 200 ಲೀಟರಿನ ಬ್ಯಾರಲ್, ಮೊಬೈಲಿನ ಗಡಿಯಾರ, ಒಂದು ಸೀಮೆಸುಣ್ಣ. ಗೌಂಡಿಗಳು ನೀರು ತುಂಬಿ ಲೆವೆಲ್ ನೋಡುವ ಪಾರದರ್ಶಕ ಪೈಪು. ನೀರಿನಲ್ಲಿ ಕ್ಲೋರಿನ್ ನೋಡುವ ಕ್ಲೋರೋಸ್ಕೋಪ್ ಡಬ್ಬಿ, ಇದು ಪಂಚಾಯ್ತಿಯಲ್ಲೇ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಮತ್ತೆ ಒಂದು ನೋಟ್‌ಬುಕ್. ನಮ್ಮ ಕಾಕಾ ನೋಟ್‌ಬುಕ್ಕಿಗೆ ನಕ್ಕರು. "ನನ್ನ ತಲ್ಯಾಗ ಎಲ್ಲಾ ಅದ ತಮ್ಮಾ." ಇರಲಿ, ಆದರೆ ಕಾಕಾಗೆ ಜ್ವರ ಬಂದ ದಿನ ಊರಿಗೇ ನೀರಿರುವುದಿಲ್ಲವಲ್ಲ!

ಬೋರಿನಿಂದ ಶುರು

ಟಾಕಿ ತುಂಬುತ್ತಿದ್ದರೂ ಬೋರನ್ನು ಒಮ್ಮೆ ನೋಡಿಯೇ ಮುಂದೆ ಹೋಗಿ. ಅರ್ಧ ಗಂಟೆಯ ಕೆಲಸ.

ಟಾಕಿಗೆ ಹೋಗುವ ಪೈಪಿನ ಬಾಯಿಯನ್ನು, ಅಥವಾ ಬೋರಿನ ಹತ್ತಿರ ಇರುವ ಬೈಪಾಸ್ ಬಾಯಿಯನ್ನು ಬ್ಯಾರಲಿಗೆ ಬಿಡಿ. ನಮ್ಮಲ್ಲಿ ಬ್ಯಾರಲ್ ತುಂಬಿದ್ದು 50 ಸೆಕೆಂಡಿನಲ್ಲಿ. ಅಂದರೆ ನಿಮಿಷಕ್ಕೆ 240 ಲೀಟರ್, ಗಂಟೆಗೆ 14,400. ಜಲ ಜೀವನ್ ಮಿಷನ್ ಶುರುವಾದ 2019ರಿಂದ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. 1,400 ಜನಕ್ಕೆ 77,000 ಲೀಟರ್. ಐದೂವರೆ ಗಂಟೆ ಮೋಟರ್ ಓಡಿದರೆ ಊರಿಗೆ ಸಾಕು. ನಮ್ಮ ಮೋಟರ್ ದಿನಕ್ಕೆ ಎಂಟು ಗಂಟೆ ಓಡುತ್ತಿತ್ತು, ಆದರೂ ಸಾಲುತ್ತಿರಲಿಲ್ಲ. ನೀರು ಹುಟ್ಟುತ್ತಿದೆ, ಎಲ್ಲೋ ಸಾಯುತ್ತಿದೆ ಅಂತ ಅವತ್ತೇ ಗೊತ್ತಾಗಬೇಕಿತ್ತು. ಲೆಕ್ಕ ಹಾಕಿದವರೇ ಇರಲಿಲ್ಲ.

ಬ್ಯಾರಲ್ ತಡವಾಗಿ ತುಂಬಿದರೆ ಟಾಂಗ್ ಟೆಸ್ಟರ್ ತೆಗೆಯಿರಿ. ಮೂರು ಫೇಸಿನ ವೈರಿಗೂ ಒಂದೊಂದಾಗಿ ಹಾಕಿ. ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರ್ ಜೊತೆ ಹೋಲಿಸಿ. ನಮ್ಮದರಲ್ಲಿ 14 ಇದೆ. ಪ್ಯಾನಲ್ ಬೋರ್ಡ್ ತೆರೆದು ಮುಟ್ಟುವುದು ಕೆಲಸ ಬಲ್ಲವರಿಗೆ ಮಾತ್ರ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಯಾರೂ ಹೋಗಬೇಡಿ.

ಆಂಪಿಯರ್ ತೀರಾ ಕಡಿಮೆ ತೋರಿಸಿ, ನೀರು ಕೆಮ್ಮಿದ ಹಾಗೆ ಗಾಳಿ ಗಾಳಿಯಾಗಿ ಬಂದರೆ ಬೋರಿನ ನೀರಿನ ಮಟ್ಟ ಪಂಪಿನ ತನಕ ಇಳಿದಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಬಂದು ಆಮೇಲೆ ಕೆಮ್ಮಲು ಶುರುಮಾಡಿದರೆ ಅನುಮಾನವೇ ಬೇಡ. ಹಾಗೇ ಓಡಿಸಿದರೆ ಪಂಪು ಒಣಗಿ ಓಡಿ ಹಾಳಾಗುತ್ತದೆ. ಬಾಯಿಯ ವಾಲ್ವ್ ಸ್ವಲ್ಪ ಬಿಗಿಮಾಡಿ, ಎರಡು ಗಂಟೆ ಓಡಿಸಿ ಒಂದು ಗಂಟೆ ಬಿಡಿ. ಆಂಪಿಯರ್ ಕಡಿಮೆ, ನೀರು ಒಂದು ಹನಿಯೂ ಇಲ್ಲ, ಆದರೆ ಬೋರಿನಲ್ಲಿ ನೀರಿದೆ ಅಂದರೆ ಮೋಟರಿಗೂ ಪಂಪಿಗೂ ನಡುವಿನ ಕಪ್ಲಿಂಗ್ ಹೋಗಿರಬಹುದು. ಆಗ ಮಾತ್ರ ಗಾಡಿ ಕರೆಸಿ.

ಆಂಪಿಯರ್ ಜಾಸ್ತಿ ಇದ್ದರೆ ಮೊದಲು ವೋಲ್ಟೇಜ್ ನೋಡಿ. ಮೂರು ಫೇಸಿನ ನಡುವೆ 415ರ ಹತ್ತಿರ ಇರಬೇಕು. ಎರಡು ಫೇಸು ಚೆನ್ನಾಗಿದ್ದು ಒಂದು ಫೇಸು ಬಿದ್ದಿದ್ದರೆ ಅದು ಮೋಟರಿನ ಫಾಲ್ಟ್ ಅಲ್ಲ, ಫ್ಯೂಸು, ಕಂಟ್ಯಾಕ್ಟರ್ ಅಥವಾ ಕಂಬದ ಕಡೆಯದು. ಮೋಟರ್ ಗುಂಯ್ ಅಂತ ನರಳಿ ಟ್ರಿಪ್ ಆದರೆ ಮತ್ತೆ ಮತ್ತೆ ಹಸಿರು ಬಟನ್ ಒತ್ತಬೇಡಿ. ಒಂದು ಫೇಸು ಇಲ್ಲದೆ ಒತ್ತಿದ್ದಕ್ಕೇ ಎಷ್ಟೋ ಮೋಟರುಗಳ ವೈಂಡಿಂಗ್ ಸುಟ್ಟಿವೆ.

ಇನ್ನೊಂದು ಇದೆ, ಇದಕ್ಕೆ ಬಹಳ ಜನ ಮೋಸ ಹೋಗುತ್ತಾರೆ. ನೀರು ಕಡಿಮೆ, ಆದರೆ ಆಂಪಿಯರ್ ಸರಿಯಾಗಿದೆ ಅಥವಾ ತುಸು ಜಾಸ್ತಿಯೇ ಇದೆ. ಇದಕ್ಕೆ ಹೆಚ್ಚಾಗಿ ಕಾರಣ ಬೋರಿನ ಒಳಗೆ ಇಳಿಸಿದ ಪೈಪು ತೂತಾಗಿರುವುದು. ಪಂಪು ನೀರು ಎತ್ತುತ್ತಿದೆ, ಅರ್ಧ ನೀರು ತೂತಿನಿಂದ ಮತ್ತೆ ಬೋರಿಗೇ ಬೀಳುತ್ತಿದೆ. ಮೋಟರ್ ಬಂದ್ ಮಾಡಿ ಕೇಸಿಂಗ್ ಪೈಪಿನ ಬಾಯಿಗೆ ಕಿವಿ ಇಡಿ. ಒಳಗೆ ಸರ್ ಅಂತ ನೀರು ಬೀಳುವ ಸದ್ದು ಕೇಳುತ್ತದೆ. ತೂತು ಇಲ್ಲದಿದ್ದರೂ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕೆಳಗಿನ ನಾನ್ ರಿಟರ್ನ್ ವಾಲ್ವ್ ಹೋಗಿದ್ದರೆ ಪೈಪಿನ ನೀರೆಲ್ಲ ಕೆಳಗಿಳಿದು ಪಂಪನ್ನು ಉಲ್ಟಾ ತಿರುಗಿಸುತ್ತದೆ. ಅದು ಉಲ್ಟಾ ತಿರುಗುತ್ತಿರುವಾಗಲೇ ಸ್ಟಾರ್ಟರ್ ಒತ್ತಿದರೆ ಶಾಫ್ಟ್ ಮುರಿಯಬಹುದು. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟು ಒತ್ತಿ ಅಂತ ಕಾಕಾ ಎಲ್ಲರಿಗೂ ಹೇಳುವುದು ಇದಕ್ಕೇ.

ನಮ್ಮದರಲ್ಲಿ ಬ್ಯಾರಲ್ ಲೆಕ್ಕ ಸರಿ ಬಂತು, ಆಂಪಿಯರ್ 13 ಚಿಲ್ಲರೆ. ಬೋರಿಗೆ ಕೈ ಮುಗಿದು ಟಾಕಿಗೆ ಹೋದೆವು.

ಟಾಕಿ: ಸೀಮೆಸುಣ್ಣದ ಗೆರೆ

ಇದೇ ಇಡೀ ಕೆಲಸದ ಮುಖ್ಯ ಪರೀಕ್ಷೆ. ಇದಕ್ಕೆ ಊರೇ ಸಹಕರಿಸಬೇಕು. ಹಿಂದಿನ ದಿನ ಸಂಜೆ ಡಂಗುರ ಸಾರಿಸಿದೆವು, ವಾಟ್ಸಾಪ್ ಗುಂಪಿನಲ್ಲೂ ಹಾಕಿದೆವು: ಬೆಳಗಿನ ಜಾವ 4ರಿಂದ 5ರ ತನಕ ಯಾರೂ ನಳ ಬಿಡಬೇಡಿ. ನಳ ಬಂದ್ ಮಾಡಲು ಚಾವಿಯೇ ಇಲ್ಲದ ಮನೆಗಳು ಹನ್ನೊಂದು ಸಿಕ್ಕವು. ತೊಗರಿ ಕಟ್ಟಿಗೆಯ ತುಂಡಿಗೆ ಹಳೇ ಬಟ್ಟೆ ಸುತ್ತಿ ಅವುಗಳ ಬಾಯಿಗೆ ಬೆಣೆ ಹೊಡೆದೆವು. ತೊಗರಿಯ ನಾಡಲ್ಲವೇ, ಕಟ್ಟಿಗೆಗೇನು ಬರ!

ನಮ್ಮ ಟಾಕಿಯಲ್ಲಿ ನೀರು ನಿಲ್ಲುವ ಎತ್ತರ 3 ಮೀಟರ್. 50,000 ಲೀಟರನ್ನು 300 ಸೆಂಟಿಮೀಟರಿಗೆ ಭಾಗಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 167 ಲೀಟರ್. ಈ ಒಂದು ಲೆಕ್ಕ ಗೊತ್ತಿದ್ದರೆ ಟಾಕಿಯೇ ದೊಡ್ಡ ಮೀಟರ್.

ಮೊದಲು ನಾಲ್ಕೂ ಲೈನಿನ ವಾಲ್ವ್ ಬಂದ್ ಮಾಡಿ ಟಾಕಿಯ ಒಳಗೆ ನೀರಿನ ಗೆರೆಗೆ ಗುರುತು ಹಾಕಿದೆವು. ಅರ್ಧ ಗಂಟೆಯಲ್ಲಿ ಮಟ್ಟ ಇಳಿಯಲಿಲ್ಲ. ಅಂದರೆ ಟಾಕಿ ಸೋರುತ್ತಿಲ್ಲ, ವಾಲ್ವುಗಳೂ ಬಿಗಿಯಾಗಿವೆ. (ಇಳಿದಿದ್ದರೆ ಟಾಕಿಯ ಕಾಲುಗಳನ್ನು, ತಳವನ್ನು ನೋಡಬೇಕು. ಸುಣ್ಣದ ಬಿಳಿ ಗೆರೆ ಇಳಿದಿದ್ದರೆ ಅಲ್ಲೇ ಸೋರಿಕೆ.) ಆಮೇಲೆ ನಾಲ್ಕೂ ಲೈನು ಬಿಟ್ಟೆವು. ಪೈಪು ತುಂಬಿಕೊಳ್ಳಲಿ ಅಂತ ಕಾದು, ಮತ್ತೆ ಗುರುತು ಹಾಕಿದೆವು. ಒಂದು ಗಂಟೆಯಲ್ಲಿ 9 ಸೆಂಟಿಮೀಟರ್ ಇಳಿಯಿತು. ಊರಿನ ಒಂದು ನಳವೂ ಬಿಟ್ಟಿಲ್ಲ, ಆದರೂ 1,500 ಲೀಟರ್ ಮಾಯ. ದಿನಕ್ಕೆ ನಾಲ್ಕು ಗಂಟೆ ಲೈನು ಬಿಟ್ಟರೆ 6,000 ಲೀಟರ್. ನೂರಕ್ಕೂ ಹೆಚ್ಚು ಜನರ ಒಂದು ದಿನದ ನೀರು.

ಮುಂದಿನ ಹೆಜ್ಜೆ ಸುಲಭ. ಮರುದಿನ ಅದೇ ಹೊತ್ತಿಗೆ ಒಂದೊಂದೇ ಲೈನು ಬಂದ್ ಮಾಡುತ್ತಾ ಹೋದೆವು. ಒಂದು, ಎರಡು, ನಾಲ್ಕನೇ ಲೈನು ಬಂದ್ ಮಾಡಿದರೂ ಇಳಿಯುವುದು ನಿಲ್ಲಲಿಲ್ಲ. ಮೂರನೆಯದು ಬಂದ್ ಮಾಡಿದ್ದೇ ತಡ, ಗೆರೆ ನಿಂತಿತು. ಮೂರನೇ ಲೈನೇ ದಿನ್ನಿ ಓಣಿಗೆ ಹೋಗುವುದು.

"ಪೈಪ್ ಒಡದಾದ, ನಡಿ ಅಗಿಯಮು" ಅಂತ ಇಬ್ಬರು ಸಲಿಕೆ ಹಿಡಿದು ಬಂದೇಬಿಟ್ಟರು. ಮೂರನೇ ಲೈನು ಉದ್ದ ಆರುನೂರು ಮೀಟರ್. ಎಲ್ಲಿ ಅಗೆಯುವುದು?

ನಡುವೆ ಒಂದು ಅಡ್ಡದಾರಿ

ಊರಿನ ಅರ್ಧ ಜನ ಬೇರೆಯೇ ಕಾರಣ ಹೇಳುತ್ತಿದ್ದರು: ನಳಕ್ಕೆ ಮೋಟರ್ ಹಚ್ಚುವುದು. ಸುಳ್ಳೇನಲ್ಲ. ಅರ್ಧ ಎಚ್‌ಪಿಯ ಸಣ್ಣ ಮೋಟರನ್ನು ನಳಕ್ಕೆ ಸಿಕ್ಕಿಸಿದರೆ ಅದು ಪೈಪಿನಿಂದ ನೀರು ಎಳೆಯುತ್ತದೆ, ಮುಂದಿನ ಮನೆಗೆ ಗಾಳಿ. ಅದಕ್ಕಿಂತ ಕೆಟ್ಟದ್ದು, ಪೈಪಿನ ಒಳಗೆ ಎಳೆತ ಬಿದ್ದರೆ ಎಲ್ಲೋ ಸಣ್ಣ ಬಿರುಕಿನಿಂದ ಚರಂಡಿ ನೀರೂ ಒಳಗೆ ಬರುತ್ತದೆ. ವಾಂತಿ ಭೇದಿ ಶುರುವಾಗುವ ದಾರಿ ಇದೇ.

ಇದನ್ನು ಪರೀಕ್ಷೆ ಮಾಡಲು ಮನೆ ಮನೆ ಹೊಕ್ಕು ಜಗಳ ಆಡುವುದು ಬೇಡ. ಕರೆಂಟ್ ಇಲ್ಲದ ಹೊತ್ತಿನಲ್ಲಿ ನೀರು ಬಿಟ್ಟು ನೋಡಿ. ಟಾಕಿಯಿಂದ ಇಳಿಯುವ ನೀರಿಗೆ ಕರೆಂಟ್ ಬೇಕಿಲ್ಲವಲ್ಲ. ಆಗ ಕೊನೆಯ ಮನೆಗೆ ಚೆನ್ನಾಗಿ ಬಂದರೆ ಕಳ್ಳ ಮೋಟರೇ ಕಾರಣ. ನಾವು ಮೂರು ದಿನ ಹಾಗೆ ಬಿಟ್ಟೆವು. ದಿನ್ನಿ ಓಣಿಯ ಮೊದಲ ಮನೆಗೆ ಸ್ವಲ್ಪ ಹೆಚ್ಚು ಬಂತು. ಕೊನೆಯ ಆರು ಮನೆಗೆ ಅದೇ ದಾರದಷ್ಟು ನೀರು. ಮೋಟರಿನದ್ದೂ ಪಾಲಿತ್ತು, ಆದರೆ ಮೂಲ ಬೇರೆ.

ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು ಅಂತಲೂ ನೋಡಿದೆವು. ದಿಬ್ಬ ಹತ್ತಿ ಇಳಿಯುವ ಲೈನಿನಲ್ಲಿ ದಿಬ್ಬದ ನೆತ್ತಿಯಲ್ಲಿ ಗಾಳಿ ಕೂತುಕೊಳ್ಳುತ್ತದೆ. ನೆತ್ತಿಯಲ್ಲಿರುವ ಮನೆಯ ನಳ ಬಿಟ್ಟರೆ ಮೊದಲು ಬುಸ್ ಅನ್ನುತ್ತದೆ. ನಮ್ಮಲ್ಲಿ ಬುಸ್ ಅಂದದ್ದು ಎರಡೇ ನಿಮಿಷ.

ಗೇಜ್ ಹಿಡಿದು ನಡೆದದ್ದು

ಇಲ್ಲಿ ತುಸು ನಿಂತು ಓದಿ. ಫಾಲ್ಟ್ ಸಿಕ್ಕಿದ್ದು ಇಲ್ಲೇ.

10 ಮೀಟರ್ ಎತ್ತರದ ನೀರು ಸುಮಾರು 1 ಕೆಜಿ ಒತ್ತಡ ಕೊಡುತ್ತದೆ. ನಮ್ಮ ಟಾಕಿಯ ತಳ ನೆಲದಿಂದ 12 ಮೀಟರ್, ಒಳಗೆ ನೀರು 3 ಮೀಟರ್. ತುಂಬಿದ ಟಾಕಿಯ ಬುಡದಲ್ಲಿ ಗೇಜ್ 1.5 ತೋರಿಸಬೇಕು. ತೋರಿಸಿತು. ಗೌಂಡಿ ಪೈಪು ಹಿಡಿದು ಎತ್ತರ ಅಳೆದೆವು. ಮೂರನೇ ಲೈನಿನ ಮಧ್ಯೆ ಇರುವ ಹನುಮಂತ ದೇವರ ಗುಡಿ ಟಾಕಿಯ ಬುಡಕ್ಕಿಂತ 1 ಮೀಟರ್ ಮೇಲೆ. ದಿನ್ನಿ ಓಣಿಯ ಕೊನೆ 4 ಮೀಟರ್ ಮೇಲೆ. ಹಾಗಾದರೆ ಎಲ್ಲ ನಳ ಬಂದ್ ಇರುವಾಗ ಗುಡಿ ಹತ್ತಿರ 1.4, ಕೊನೆಯಲ್ಲಿ 1.1 ಬರಬೇಕು.

ಕೊನೆಯ ಮನೆಯ ಆಯಿ ಕಂದೀಲು ಹಿಡಿದು ನಿಂತಿದ್ದರು. ನಳಕ್ಕೆ ಗೇಜ್ ಕೂರಿಸಿದೆ. ಮುಳ್ಳು 0.2ಕ್ಕೆ ಬಂದು ಅಲ್ಲೇ ನಡುಗುತ್ತಾ ನಿಂತಿತು. "ಏನಂತದ ನಿನ್ನ ಗಡಿಯಾರ?" ಅಂದರು ಆಯಿ.

ನಿಂತ ನೀರಿಗೆ ಒತ್ತಡ ಕಳೆದುಹೋಗುವುದಿಲ್ಲ. ಪೈಪು ಸಣ್ಣದಿರಲಿ, ಉದ್ದ ಇರಲಿ, ವಾಲ್ವ್ ಮುಕ್ಕಾಲು ಬಂದ್ ಇರಲಿ, ನೀರು ಹರಿಯದಿದ್ದರೆ ಎತ್ತರದ ಲೆಕ್ಕವೇ ಕೊನೆ ತನಕ ಬರುತ್ತದೆ. ಹರಿಯುವಾಗ ಮಾತ್ರ ಒತ್ತಡ ತಿಂದುಹೋಗುತ್ತದೆ. ಹಾಗಾಗಿ ನಳ ಬಂದ್ ಇರುವಾಗ ಗೇಜ್ ಸರಿ ತೋರಿಸಿ, ನಳ ಬಿಟ್ಟಾಗ ದಬಕ್ಕನೆ ಬಿದ್ದರೆ ದಾರಿಯಲ್ಲಿ ಎಲ್ಲೋ ಕಟ್ಟಿದೆ ಅಂತ ಅರ್ಥ. ನಳ ಬಂದ್ ಇರುವಾಗಲೇ ಕಡಿಮೆ ತೋರಿಸಿದರೆ ಎಲ್ಲೋ ನೀರು ಹರಿಯುತ್ತಿದೆ, ಅಂದರೆ ಸೋರಿಕೆ ಇದೆ.

ನಮ್ಮಲ್ಲಿ 9 ಮೀಟರಿನಷ್ಟು ಒತ್ತಡ ಕಾಣೆಯಾಗಿತ್ತು. ಗಂಟೆಗೆ 1,500 ಲೀಟರ್ ಹರಿದರೆ ಆ ಪೈಪಿನಲ್ಲಿ ಇಷ್ಟೊಂದು ತಿನ್ನುವುದಿಲ್ಲ. ಎರಡೂ ಇರಬೇಕು ಅಂತ ಆಗ ಹೊಳೆಯಿತು: ಎಲ್ಲೋ ಕಟ್ಟಿದೆ, ಅದರ ಆಚೆ ಸೋರುತ್ತಿದೆ.

ಲೈನನ್ನು ಅರ್ಧ ಅರ್ಧ ಮಾಡುತ್ತಾ ಬನ್ನಿ, ಮನೆ ಮನೆಗೂ ಗೇಜ್ ಹಾಕಬೇಕಿಲ್ಲ. ನಾವು ನೇರ ಮಧ್ಯಕ್ಕೆ, ಗುಡಿಗೆ ಹೋದೆವು. ಗುಡಿಯ ಈಚೆ ಮನೆಯಲ್ಲಿ 1.4. ಗುಡಿಯ ಆಚೆ ಮನೆಯಲ್ಲಿ 0.5. ಎರಡು ಮನೆಗೂ ನಡುವೆ ಇಪ್ಪತ್ತು ಹೆಜ್ಜೆ. ಮಧ್ಯೆ ಒಂದು ವಾಲ್ವ್ ಚೇಂಬರ್.

ಕೈಗೆ ಭಾರ ಹತ್ತದ ವಾಲ್ವ್

ಚೇಂಬರಿನ ಮುಚ್ಚಳ ಶಹಾಬಾದ್ ಕಲ್ಲಿನದು. ಹಾರೆ ಹಾಕಿ ಸರಿಸಿದೆವು. ಒಳಗೆ ಮೊಣಕಾಲುದ್ದ ಕೆಸರು, ಗುಟ್ಕಾ ಚೀಟಿ, ಒಂದು ಹಳೇ ಚಪ್ಪಲಿ. ಕೆಸರು ಎತ್ತಿ ಹಾಕಲು ಅರ್ಧ ಗಂಟೆ ಬೇಕಾಯಿತು. ಚೇಳು ಇರುತ್ತವೆ, ಸುಮ್ನೆ ಕೈ ಹಾಕಬೇಡಿ.

ಕಾಕಾ ಉದ್ದನೆಯ ಕೀಲಿ ಸಿಕ್ಕಿಸಿ ತಿರುಗಿಸಿದರು. "ಪೂರಾ ಬಿಟ್ಟಾದ ನೋಡು, ಇದು ನಾನೇ ಬಿಟ್ಟಿದ್ದು ದೀಪಾವಳಿಗೆ." ಹೌದು, ಸ್ಪಿಂಡಲ್ (ಒಳಗಿನ ಗೇಟನ್ನು ಎತ್ತಿ ಇಳಿಸುವ ತಿರುಪಿನ ಸರಳು) ಪೂರಾ ಬಿಟ್ಟ ಕಡೆಗೇ ಇತ್ತು. ಬಂದ್ ಮಾಡಿ ಮತ್ತೆ ಬಿಡಿ ಕಾಕಾ, ಸುತ್ತು ಎಣಿಸೋಣ ಅಂದೆ. ಅವರು ತಿರುಗಿಸುತ್ತಾ ಹೋದರು. ಹದಿನಾಲ್ಕು, ಹದಿನೈದು, ಇಪ್ಪತ್ತು. ನಿಲ್ಲಲೇ ಇಲ್ಲ. ಪಕ್ಕದ ಲೈನಿನ ಅದೇ ಅಳತೆಯ ವಾಲ್ವ್ ಹದಿಮೂರು ಸುತ್ತಿಗೆ ಗಟ್ಟಿಯಾಗಿ ನಿಂತಿತ್ತು. ಕಾಕಾ ಕೀಲಿ ಬಿಟ್ಟು ಕೈ ನೋಡಿಕೊಂಡರು. "ಕೈಗೆ ಭಾರನೇ ಹತ್ತಲಾಗ್ಯಾದಲ್ಲೋ."

ವಾಲ್ವ್ ಬಿಚ್ಚಿದಾಗ ಕಂಡದ್ದು ಹೀಗೆ. ಸ್ಪಿಂಡಲಿಗೂ ಒಳಗಿನ ಗೇಟಿಗೂ ನಡುವಿನ ಹಿತ್ತಾಳೆ ನಟ್ಟಿನ ಹಲ್ಲು ಸವೆದು ಹೋಗಿತ್ತು. ಗೇಟು ತಾನಾಗಿ ಕೆಳಗೆ ಕುಸಿದು, ತಳದಲ್ಲಿ ಕೂತ ಸುಣ್ಣದ ಗಟ್ಟಿಯ ಮೇಲೆ ನಿಂತಿತ್ತು. ಕಿರುಬೆರಳು ತೂರುವಷ್ಟೂ ಸಂದು ಇರಲಿಲ್ಲ. ಹೊರಗಿನಿಂದ ನೋಡಿದರೆ ವಾಲ್ವ್ ಬಿಟ್ಟಿದೆ, ಒಳಗೆ ಬಂದ್ ಆಗಿದೆ. ನಮ್ಮ ಸೀಮೆಯ ನೀರು ಸುಣ್ಣಕಲ್ಲಿನ ನಡುವಿಂದ ಬರುವಂಥದ್ದು. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆ ಇರುವವರಿಗೆ ಹೇಳಬೇಕಿಲ್ಲ, ಚಹಾ ಪಾತ್ರೆ ತಳ ನೋಡಿದರೆ ಸಾಕು. ಅದೇ ಸುಣ್ಣ ವಾಲ್ವಿನಲ್ಲೂ ಕೂರುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಎಲ್ಲ ವಾಲ್ವನ್ನೂ ಪೂರಾ ಬಂದ್ ಮಾಡಿ ಪೂರಾ ಬಿಡಬೇಕು, ಸುತ್ತು ಎಣಿಸಿ ಬರೆಯಬೇಕು. ಸುತ್ತಿನ ಲೆಕ್ಕ ಬದಲಾದರೆ ಒಳಗೆ ಏನೋ ಆಗಿದೆ.

ಹೊಸ ವಾಲ್ವ್ ಕೂರಿಸಿದೆವು. ಊರಲ್ಲಿ ಪೇಡೆ ಹಂಚುವ ಮಾತಾಯಿತು. ನಾನು ಬೆಳಗಿನ ಜಾವ ಮತ್ತೆ ಟಾಕಿ ಹತ್ತಿ ಗೆರೆ ಹಾಕಿದೆ. ಗಂಟೆಗೆ 15 ಸೆಂಟಿಮೀಟರ್! ಮೊದಲು 9 ಇತ್ತು, ರಿಪೇರಿ ಆದ ಮೇಲೆ 15. ಅಂದರೆ 2,500 ಲೀಟರ್. ಕಾಕಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಕುಳಿತು ಯೋಚಿಸಿದರೆ ಇದು ಆಗಲೇಬೇಕಾದದ್ದು. ಕುಸಿದ ಗೇಟು ಸೋರಿಕೆಗೂ ನೀರು ಬಿಡುತ್ತಿರಲಿಲ್ಲ. ಈಗ ಆಚೆ ಬದಿಗೆ ಪೂರಾ ಒತ್ತಡ ಸಿಕ್ಕಿತು, ಒಡೆದ ಜಾಗ ಇನ್ನೂ ಜೋರಾಗಿ ಸುರಿಯಿತು. ಹಾಗಾಗಿ ವಾಲ್ವ್ ಸರಿಮಾಡಿದ ಮರುದಿನವೇ ಇನ್ನೊಮ್ಮೆ ಅಳೆಯಿರಿ. ಒಂದು ಫಾಲ್ಟ್ ಇನ್ನೊಂದನ್ನು ಮುಚ್ಚಿಟ್ಟಿರುತ್ತದೆ.

ಎರೆ ಮಣ್ಣಿನಲ್ಲಿ ಸೋರಿಕೆ

ಗುಡಿಯಿಂದ ದಿನ್ನಿ ಓಣಿ ತನಕ ಮುನ್ನೂರು ಮೀಟರ್. ಎಲ್ಲ ಎರೆ ಮಣ್ಣು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇ ತಿಂಗಳಲ್ಲಿ ಬಿರುಕಿನಲ್ಲಿ ಕೈ ಮೊಣಕೈ ತನಕ ಇಳಿಯುತ್ತದೆ. ಜೊತೆಗೆ ಪೈಪನ್ನೂ ಎಳೆಯುತ್ತದೆ. ಗೋಂದು ಹಚ್ಚಿ ಕೂಡಿಸಿದ ಪಿವಿಸಿ ಜೋಡಣೆ ಬಿಟ್ಟುಕೊಳ್ಳುವುದು ಹೀಗೆ. ಸೋರಿದ ನೀರು ಮೇಲೆ ಬರುತ್ತದೆ ಅಂತ ಕಾಯಬೇಡಿ. ಬೇಸಿಗೆಯಲ್ಲಿ ಅದು ಬಿರುಕಿಗೆ ಇಳಿದು ಹೋಗುತ್ತದೆ, ಮಳೆಗಾಲದಲ್ಲಿ ಎಲ್ಲ ಕಡೆಯೂ ಒದ್ದೆ. ಕೆಳಗೆ ಪದರ ಪದರ ಕಲ್ಲಿದ್ದರೆ ನೀರು ಪದರದ ನಡುವೆ ಹರಿದು ಎಲ್ಲೋ ದೂರದಲ್ಲಿ ಏಳುತ್ತದೆ.

ಮೂರು ಗುರುತು ನೋಡಿ. ಬಿಸಿಲಲ್ಲೂ ಹಸಿರಾಗಿರುವ ಗರಿಕೆ. ಮಣ್ಣು ಬಿರಿಯದೆ ಮೆತ್ತಗಿರುವ ಜಾಗ. ಸೋಪಿನ ನೊರೆ ಇಲ್ಲದೆ ತಿಳಿಯಾಗಿ ಹರಿಯುವ ಚರಂಡಿ.

ನಮ್ಮಲ್ಲಿ ದಾರಿಯ ತಗ್ಗಿನಲ್ಲಿ ಒಂದು ಕೊಚ್ಚೆ ಇತ್ತು. ಪಕ್ಕದ ಮನೆಯವರು ಬಟ್ಟೆ ಒಗೆದ ನೀರು ಅಂದರು. ಕ್ಲೋರೋಸ್ಕೋಪಿನ ಕೊಳವೆಯಲ್ಲಿ ಆ ನೀರು ತುಂಬಿ ಔಷಧ ಹನಿ ಹಾಕಿದೆ. ನಿಧಾನಕ್ಕೆ ತಿಳಿ ಹಳದಿ ಬಂತು. ಟಾಕಿಯಲ್ಲಿ ನಾವು ಬ್ಲೀಚಿಂಗ್ ಪುಡಿ ಹಾಕುತ್ತೇವೆ. ಆ ಕ್ಲೋರಿನ್ ಚರಂಡಿ ನೀರಿನಲ್ಲಿ ಉಳಿಯುವುದಿಲ್ಲ, ಕೊಳೆ ಅದನ್ನು ತಿಂದುಬಿಡುತ್ತದೆ. ಹಳದಿ ಬಂತು ಅಂದರೆ ಅದು ಈಗಷ್ಟೇ ಪೈಪಿನಿಂದ ಬಂದ ನೀರು. (ಹನಿ ಹಾಕಿದ ನೀರನ್ನು ಯಾರೂ ಬಾಯಿಗೆ ಹಾಕಬಾರದು.)

ಕೊಚ್ಚೆ ಇರುವಲ್ಲೇ ಒಡೆದಿದೆ ಅಂತಲ್ಲ. ರಾತ್ರಿ ಊರು ಮಲಗಿದ ಮೇಲೆ ಕಬ್ಬಿಣದ ಸರಳನ್ನು ಪೈಪಿನ ಜಾಡಿನ ಮೇಲೆ ಅಲ್ಲಲ್ಲಿ ಒಂದಡಿ ಇಳಿಸಿ ತುದಿಗೆ ಕಿವಿ ಇಟ್ಟೆವು. ಸರಳನ್ನು ಪೈಪಿನ ಆಳದ ತನಕ ಹೊಡೆಯಬೇಡಿ, ಹೊಸ ತೂತು ಮಾಡಿಟ್ಟೀರಿ. ಕೊಚ್ಚೆಯಿಂದ ಮೇಲಕ್ಕೆ ಹದಿನೆಂಟು ಹೆಜ್ಜೆಯಲ್ಲಿ ಶ್ಶ್ ಅನ್ನುವ ಸದ್ದು ಜೋರಾಗಿತ್ತು. ಬೆಳಿಗ್ಗೆ ಕೈಯಿಂದಲೇ ಅಗೆದೆವು. ಎರಡೂವರೆ ಅಡಿಗೆ ಪೈಪು ಸಿಕ್ಕಿತು. ಜೋಡಣೆ ಅರ್ಧ ಇಂಚು ಹೊರಗೆ ಬಂದಿತ್ತು. ಪೈಪಿನ ಕೆಳಗೆ ಮರಳೂ ಇಲ್ಲ, ಮೊರಮೂ ಇಲ್ಲ, ಬರೀ ಎರೆ ಮಣ್ಣಿನ ಹೆಂಟೆ, ಅದರ ಮೇಲೆ ಪೈಪು. ಹಾಕಿದ ಗುತ್ತಿಗೆದಾರರು ಬಿಲ್ಲಿನಲ್ಲಿ ಮರಳು ಬರೆದಿದ್ದರೋ ಏನೋ.

ನೀರು ಬಿಡುವ ಮುಂಚೆ

ಪೈಪು ಕೂಡಿಸಿದ ಕೂಡಲೇ ನೀರು ಬಿಟ್ಟು ಕುಡಿಯಬೇಡಿ. ಅಗೆದ ಗುಂಡಿಯ ಕೊಳೆ ಒಳಗೆ ಹೋಗಿರುತ್ತದೆ. ಕೊನೆಯ ನಳ ಬಿಟ್ಟು ನೀರು ತಿಳಿಯಾಗುವ ತನಕ ಹರಿಸಿ. ಆಮೇಲೆ ಕ್ಲೋರಿನ್. 50,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಬೇಕಾದದ್ದು 100 ಗ್ರಾಂ ಕ್ಲೋರಿನ್. ಪುಡಿಯಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗಿಳಿದ ಮೇಲೆ ತಿಳಿ ಮಾತ್ರ ಟಾಕಿಗೆ ಹಾಕಿ, ಅರ್ಧ ಗಂಟೆ ಬಿಡಿ. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿಗೆ ಶಕ್ತಿ ಇರುವುದಿಲ್ಲ. ಅಳೆದು ಹಾಕಿದ ಮೇಲೂ ಕೊನೆಯ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದೆಯೇ ನೋಡಿ. ಅನುಮಾನ ಇದ್ದರೆ, ನೀರಿನಲ್ಲಿ ಕೊಳೆಯ ಬ್ಯಾಕ್ಟೀರಿಯಾ ಇದೆಯೇ ತೋರಿಸುವ ಎಚ್‌ಟುಎಸ್ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಇಡಿ, ಕಪ್ಪಾದರೆ ಆ ನೀರು ಕುಡಿಯುವಂಥದ್ದಲ್ಲ.

ನೀರು ಸಾಲದು ಅಂತ ಊರ ಹೊರಗಿನ ಹಳೇ ಬೋರು ಕೂಡಿಸೋಣ ಅಂತ ನಮ್ಮಲ್ಲೂ ಮಾತು ಬಂದಿತ್ತು. ಲ್ಯಾಬ್ ರಿಪೋರ್ಟ್ ಇಲ್ಲದೆ ಮಾಡಬೇಡಿ. ಯಾದಗಿರಿ ಕಡೆ ಫ್ಲೋರೈಡ್ ಇರುವ ಬೋರುಗಳಿವೆ, ಕಿರದಳ್ಳಿ ತಾಂಡಾದ ನೀರಲ್ಲಿ ಆರ್ಸೆನಿಕ್ಕೇ ಸಿಕ್ಕಿತ್ತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇವೆರಡೂ ಕುದಿಸಿದರೆ ಹೋಗುವುದಿಲ್ಲ, ಬ್ಲೀಚಿಂಗ್ ಹಾಕಿದರೂ ಹೋಗುವುದಿಲ್ಲ.

ಆಮೇಲೆ ನಾವು ಬದಲಾಯಿಸಿದ್ದು

ಎರೆ ಮಣ್ಣಿನ ಮುನ್ನೂರು ಮೀಟರಿನಲ್ಲಿ ಅತಿ ಕೆಟ್ಟ ಎಂಬತ್ತು ಮೀಟರಿಗೆ ಎಚ್‌ಡಿಪಿಇ ಪೈಪು ಹಾಕಿದೆವು. ಬಿಸಿ ಮಾಡಿ ಬೆಸೆಯುವ ಪೈಪು, ಮಣ್ಣು ಎಳೆದರೆ ಸ್ವಲ್ಪ ಬಾಗುತ್ತದೆ, ಬಿಟ್ಟುಕೊಳ್ಳುವುದಿಲ್ಲ. ಕೆಳಗೂ ಮೇಲೂ ಮೊರಂ. ಉಳಿದದ್ದಕ್ಕೆ ದುಡ್ಡಿಲ್ಲ, ಬರುವ ವರ್ಷ. ಟಾಕಿಯ ಬುಡಕ್ಕೆ ಖಾಯಂ ಗೇಜ್ ಕೂರಿಸಿದ್ದೇವೆ. ದಿನ್ನಿಯ ನೆತ್ತಿಗೆ ಗಾಳಿ ಹೊರಗೆ ಬಿಡುವ ಒಂದು ಏರ್ ವಾಲ್ವ್. ಮೋಟರ್ ಮುಂದೆ ಎಂದಾದರೂ ಎತ್ತಿದಾಗ ಅದರ ಜೊತೆಗೆ ಒಂದು ಸಣ್ಣ ಪೈಪು ಇಳಿಸುವುದಿದೆ, ಹಗ್ಗ ಬಿಟ್ಟು ನೀರಿನ ಮಟ್ಟ ನೋಡಲು.

ಮೂರನೇ ಲೈನಿಗೆ ಇನ್ನೂ ಎರಡು ವಾಲ್ವ್ ಚೇಂಬರ್ ಕಟ್ಟಿಸುವಾಗ ಪಂಚಾಯ್ತಿಯಲ್ಲಿ ಒಬ್ಬರು ಇಷ್ಟೊಂದು ಗುಂಡಿ ಯಾಕೆ ಅಂದರು. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ, 15ನೇ ಶತಮಾನದ್ದು. ನೆಲದ ಒಳಗೆ ಸುರಂಗ ಕೊರೆದು ನೀರು ತಂದಿದ್ದಾರೆ. ಆ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳಿವೆ. ಗಾಳಿ ಆಡಲಿಕ್ಕೂ ಆಯಿತು, ಹೂಳು ತೆಗೆಯಲು ಇಳಿಯಲಿಕ್ಕೂ ಆಯಿತು. ಅದನ್ನೇ ಹೇಳಿದೆ. ಅವರು ಕರೇಜ್ ನೋಡಿ ಬಂದವರಂತೆ, ಮತ್ತೆ ಮಾತಾಡಲಿಲ್ಲ.

ಈಗ ಬೆಳಗಿನ ಜಾವದ ಗೆರೆ ಗಂಟೆಗೆ 1 ಸೆಂಟಿಮೀಟರ್ ಇಳಿಯುತ್ತದೆ. ದಿನ್ನಿ ಓಣಿಯ ಕೊನೆ ಮನೆಯಲ್ಲಿ ನಳ ಬಂದ್ ಇರುವಾಗ 1.1, ಊರೆಲ್ಲ ನೀರು ಹಿಡಿಯುವಾಗ 0.6. ನಳಕ್ಕೆ ಮೋಟರ್ ಹಚ್ಚುವ ನಾಲ್ಕು ಮನೆ ಇನ್ನೂ ಉಳಿದಿವೆ. ನೋಟ್‌ಬುಕ್ಕಿನಲ್ಲಿ ಕೊನೆಯ ಪುಟ ಕಾಕಾ ಅವರ ಕೈಬರಹದ್ದು: "ಗುಡಿ ವಾಲ್ವ್ 13 ಸುತ್ತು. ಭಾರ ಹತ್ತತದ."